ಜಿಯು ಜಿತ್ಸು ಸ್ಪರ್ಧಿಗಳಿಗೆ ಬಲ ತರಬೇತಿ: ದೊಡ್ಡ ಟೂರ್ನಿಗೆ 12 ವಾರದ ತಯಾರಿ

"ದಿನಾ ಎರಡು ಹೊತ್ತು ಮ್ಯಾಟ್ ಮೇಲಿರುತ್ತೇನೆ. ಇದರ ನಡುವೆ ಜಿಮ್‌ಗೆ ಯಾವಾಗ ಹೋಗಲಿ? ಹೋದರೆ ಏನು ಎತ್ತಲಿ, ಎಷ್ಟು ಎತ್ತಲಿ?" ಜಿಯು ಜಿತ್ಸುವನ್ನೇ (ನೆಲದ ಮೇಲೆ ಪಟ್ಟು ಹಾಕಿ ಸೆಣಸುವ, ಕುಸ್ತಿಯಂಥ ಆಟ) ವೃತ್ತಿ ಮಾಡಿಕೊಂಡವರು, ಮಾಡಿಕೊಳ್ಳಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸುಸ್ತಾಗೋಕೆ ನಿಮಗೆ ಮ್ಯಾಟ್ ಇದೆ. ಜಿಮ್‌ಗೆ ಹೋಗುವುದು ಬಲ ತರುವುದಕ್ಕೆ. ಬೆಳಗ್ಗೆ ಎತ್ತಿದ ಭಾರದಿಂದ ಸಂಜೆಯ ರೋಲ್ ಕೆಟ್ಟರೆ, ಬೆಳಗಿನ ತರಬೇತಿ ತಪ್ಪಾಗಿದೆ ಅಂತಲೇ ಅರ್ಥ. ರೋಲ್ ಅಂದರೆ ಜೊತೆಗಾರನ ಜೊತೆ ನಿಜವಾಗಿ ಪಟ್ಟು ಹಾಕಿ ಸೆಣಸುವ ಅಭ್ಯಾಸ. ಕೆಳಗಿನ ಪ್ರತಿ ಹಂತವೂ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಇದನ್ನು ಬರೆದಿರುವುದು ವಾರಕ್ಕೆ ಎಂಟು-ಹತ್ತು ಸಲ ಮ್ಯಾಟ್ ಮೇಲಿರುವ, ಪರ್ಪಲ್ ಬೆಲ್ಟ್‌ನಿಂದ (ವೈಟ್, ಬ್ಲೂ ದಾಟಿದ ಮೂರನೇ ದರ್ಜೆ) ಮೇಲಿನ ಸ್ಪರ್ಧಿಗಳಿಗೆ. ನೀವು ವಾರಕ್ಕೆ ಮೂರು ಸಲ ಕ್ಲಾಸ್‌ಗೆ ಹೋಗುವವರಾದರೆ ಕ್ರಮ ಇದೇ ಇರಲಿ, ಸೆಟ್‌ಗಳನ್ನು (ಈ ಪದದ ಅರ್ಥ 4ನೇ ಹಂತದಲ್ಲಿದೆ) ಅರ್ಧಕ್ಕೆ ಇಳಿಸಿ ಶುರು ಮಾಡಿ. ಹಳೆಯ ಗಾಯ ಇದ್ದರೆ ಮೊದಲು ಫಿಸಿಯೊ ಹತ್ತಿರ ಹೋಗಿ ಬನ್ನಿ.

ಆಟ ನಿಮ್ಮಿಂದ ಏನು ಕೇಳುತ್ತದೆ?

ಐಬಿಜೆಜೆಎಫ್, ಅಂದರೆ ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು ಜಿತ್ಸು ಒಕ್ಕೂಟದ ನಿಯಮದಲ್ಲಿ ವಯಸ್ಕ ಬ್ಲ್ಯಾಕ್ ಬೆಲ್ಟ್ ಪಂದ್ಯ 10 ನಿಮಿಷ. ಬ್ರೌನ್‌ಗೆ 8, ಪರ್ಪಲ್‌ಗೆ 7, ಬ್ಲೂಗೆ 6, ವೈಟ್‌ಗೆ 5. ಫೈನಲ್‌ವರೆಗೆ ಹೋದರೆ ಒಂದೇ ದಿನ ನಾಲ್ಕೈದು ಪಂದ್ಯ ಆಡಬೇಕಾಗಬಹುದು. ಏಷ್ಯನ್ ಗೇಮ್ಸ್‌ಗೆ 2018ರ ಜಕಾರ್ತಾ ಕೂಟದಲ್ಲಿ ಈ ಆಟ ಬಂತು. ಅಲ್ಲಿ ಪಂದ್ಯ ಚಿಕ್ಕದು, ವೇಗ ಜಾಸ್ತಿ.

ಏಳನೇ ನಿಮಿಷ ಅಂದುಕೊಳ್ಳಿ. ಎದುರಾಳಿಯ ಕಾಲರ್ ನಿಮ್ಮ ಕೈಲಿದೆ. ಅವನು ಬೆನ್ನು ನೆಟ್ಟಗೆ ಮಾಡಿ ಎದ್ದು ನಿಲ್ಲುತ್ತಾನೆ. ನಿಮ್ಮ ಮುಂಗೈ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಮೊದಲು ಕಿರುಬೆರಳು ಬಿಡುತ್ತದೆ, ಆಮೇಲೆ ಉಂಗುರ ಬೆರಳು. ಪಟ್ಟು ನಿಮಗೆ ಗೊತ್ತು, ಎಲ್ಲಿಗೆ ಎಳೆಯಬೇಕು ಅಂತಲೂ ಗೊತ್ತು, ಆದರೆ ಬಟ್ಟೆ ಕೈಲಿಲ್ಲ. ಕಲಿತ ವಿದ್ಯೆ ಇಂಥ ಕ್ಷಣದಲ್ಲಿ ಕೈಗೆ ಸಿಗಬೇಕಲ್ಲ, ಅದಕ್ಕೇ ಈ ತಯಾರಿ.

ಏನೇನು ಬೇಕು?

ಬಾರ್ಬೆಲ್ ಮತ್ತು ಪ್ಲೇಟ್‌ಗಳು, ಚಿನ್-ಅಪ್ ಮಾಡುವ ಕಂಬಿ, ಒಂದೆರಡು ಕೆಟಲ್‌ಬೆಲ್ (ಹಿಡಿ ಇರುವ ಕಬ್ಬಿಣದ ಗುಂಡು), ರಬ್ಬರ್ ಬ್ಯಾಂಡ್, ಹರಿಯುವುದಕ್ಕೆ ಬಂದ ಒಂದು ಹಳೆಯ ಗಿ (ಜಿಯು ಜಿತ್ಸು ಉಡುಪು), ಮತ್ತು ಒಂದು ಮರಳಿನ ಚೀಲ. ಉತ್ತರ ಕರ್ನಾಟಕದಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿದವರಿಗೆ ಮರಳಿನ ಚೀಲ ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಲೀಸಾಗಿ ಕೈಗೆ ಸಿಗದ ಭಾರವನ್ನು ಎದೆಗೆ ಅವುಚಿಕೊಂಡು ಏಳುವುದು ಕಬ್ಬಿಣದ ಬಾರ್ ಎತ್ತಿದ ಹಾಗಲ್ಲ. ಅದು ಮನುಷ್ಯನನ್ನು ಎತ್ತಿದ ಹಾಗೆ. ಇಷ್ಟರ ಜೊತೆ ಒಂದು ನೋಟ್‌ಬುಕ್ ಇರಲೇಬೇಕು.

1. ಕ್ಯಾಲೆಂಡರ್‌ನಲ್ಲಿ ಹಿಂದಕ್ಕೆ ಎಣಿಸಿ

ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಟೂರ್ನಿಗಳನ್ನು ಮಾತ್ರ 'ದೊಡ್ಡದು' ಅಂತ ಗುರುತು ಮಾಡಿ. ಆ ದಿನದಿಂದ 12 ವಾರ ಹಿಂದಕ್ಕೆ ಎಣಿಸಿ. ಮೊದಲ 5 ವಾರ ಬಲ ಕಟ್ಟುವುದಕ್ಕೆ, ನಂತರದ 5 ವಾರ ಆ ಬಲವನ್ನು ವೇಗವಾಗಿ ಬಳಸುವುದಕ್ಕೆ, ಕೊನೆಯ 2 ವಾರ ದೇಹ ಚೇತರಿಸಿಕೊಳ್ಳುವುದಕ್ಕೆ. ನಡುವೆ ಬರುವ ಚಿಕ್ಕ ಟೂರ್ನಿಗಳಿಗೆ ಈ ಲೆಕ್ಕ ಬದಲಿಸಬೇಡಿ. ಆ ವಾರ ಒಂದು ಜಿಮ್ ದಿನ ಬಿಟ್ಟು ಹೋಗಿ ಆಡಿ ಬನ್ನಿ. ಪ್ರತಿ ಟೂರ್ನಿಗೂ ಉತ್ತುಂಗದಲ್ಲಿರಬೇಕು ಅಂತ ಹೊರಟವರು ಯಾವುದಕ್ಕೂ ಪೂರ್ತಿ ತಯಾರಾಗಿರುವುದಿಲ್ಲ.

2. ಮೊದಲ ವಾರ ದೇಹದ ಲೆಕ್ಕ ತೆಗೆದುಕೊಳ್ಳಿ

ನೋಟ್‌ಬುಕ್‌ನಲ್ಲಿ ಐದು ಸಂಗತಿ ಬರೆದಿಡಿ. ಡೆಡ್‌ಲಿಫ್ಟ್‌ನಲ್ಲಿ (ನೆಲದಿಂದ ಭಾರ ಎತ್ತುವುದು) ಬೆನ್ನು ಬಾಗದೆ ಐದು ಸಲ ಎಷ್ಟು ಎತ್ತಬಲ್ಲಿರಿ? ಪೂರ್ತಿ ಚಿನ್-ಅಪ್ ಎಷ್ಟು? ಕಂಬಿಗೆ ಗಿ ಹಾಕಿ, ಎರಡೂ ಕಾಲರ್ ಹಿಡಿದು ಎಷ್ಟು ಸೆಕೆಂಡ್ ನೇತಾಡಬಲ್ಲಿರಿ? ಬೆಳಗ್ಗೆ ಎದ್ದ ತಕ್ಷಣ ನಾಡಿಬಡಿತ ಎಷ್ಟು? ಕೊನೆಯದಾಗಿ, ಯಾವ ಕೀಲು ನೋಯುತ್ತಿದೆ?

ಡೆಡ್‌ಲಿಫ್ಟ್ ಎಷ್ಟಿದ್ದರೆ ಸಾಕು ಅಂತ ಕೇಳುವವರು ತುಂಬಾ ಜನ. ನನ್ನ ಲೆಕ್ಕದಲ್ಲಿ ನಿಮ್ಮ ತೂಕದ ಎರಡು ಪಟ್ಟು ಒಂದು ಸಲ ಎತ್ತಬಲ್ಲಿರಾದರೆ ಅಷ್ಟಕ್ಕೇ ನಿಲ್ಲಬಹುದು. ಅದಕ್ಕಿಂತ ಮೇಲೆ ಹೋಗಲು ಬೇಕಾಗುವ ಸಮಯ ಮತ್ತು ಸುಸ್ತು ಜಾಸ್ತಿ, ಮ್ಯಾಟ್ ಮೇಲೆ ಸಿಗುವ ಲಾಭ ಕಡಿಮೆ. ಆ ಸಮಯವನ್ನು ಕುತ್ತಿಗೆಗೂ ಹಿಡಿತಕ್ಕೂ ಕೊಡಿ.

3. ವಾರವನ್ನು ಹಂಚಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಸೋಮವಾರದಿಂದ ಶನಿವಾರದವರೆಗೆ ಮ್ಯಾಟ್, ಅದರಲ್ಲಿ ಬುಧವಾರ ಹಗುರ. 'ಬುಧವಾರ ಹೇಗೂ ಖಾಲಿ ಇದೆಯಲ್ಲ' ಅಂತ ಅವತ್ತೇ ಜಿಮ್‌ಗೆ ಹೋಗುತ್ತಾರೆ. ಆಗ ವಾರದಲ್ಲಿ ಹಗುರ ದಿನವೇ ಉಳಿಯುವುದಿಲ್ಲ.

ಬೇರೆ ರೀತಿ ಮಾಡಿ. ಕಷ್ಟದ ದಿನವನ್ನೇ ಇನ್ನಷ್ಟು ಕಷ್ಟ ಮಾಡಿಕೊಳ್ಳಿ, ಹಗುರ ದಿನವನ್ನು ನಿಜವಾಗಿಯೂ ಹಗುರ ಇಡಿ. ಜೋರು ರೋಲ್ ಇರುವ ಎರಡು ದಿನ ಆರಿಸಿಕೊಳ್ಳಿ, ಸೋಮವಾರ ಮತ್ತು ಗುರುವಾರ ಅಂದುಕೊಳ್ಳೋಣ. ಬೆಳಗ್ಗೆ 10ಕ್ಕೆ ಮ್ಯಾಟ್, ಊಟ, ಒಂದು ಚಿಕ್ಕ ನಿದ್ದೆ, ಸಂಜೆ 5ಕ್ಕೆ ಜಿಮ್. ಎರಡರ ನಡುವೆ 6 ಗಂಟೆ ಅಂತರ ಸಿಕ್ಕರೆ ಒಳ್ಳೆಯದು. ಅವತ್ತು ಸಂಜೆಯ ಕ್ಲಾಸ್ ಬಿಡಬೇಕಾಗುತ್ತದೆ, ಬಿಡಿ. ವಾರಕ್ಕೆ ಎರಡು ಸಲ, ಪ್ರತಿ ಸಲ 45ರಿಂದ 60 ನಿಮಿಷ ಸಾಕು.

ಸಂಜೆಯ ಜೋರು ರೋಲ್‌ಗೆ ಮುಂಚೆ ಭಾರದ ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು) ಮಾಡಬೇಡಿ. ಸುಸ್ತಾದ ಕಾಲಿನಲ್ಲಿ ಟೇಕ್‌ಡೌನ್ (ನಿಂತವರನ್ನು ನೆಲಕ್ಕೆ ಕೆಡವುವುದು) ತಡೆಯಲು ಹೋದಾಗ ಮಂಡಿ ತಿರುಗುವ ಅಪಾಯ ಜಾಸ್ತಿ.

ಇನ್ನೊಂದು ಗುರುತು: ಬೆಳಗಿನ ನಾಡಿಬಡಿತ ಮಾಮೂಲಿಗಿಂತ ಏಳೆಂಟು ಹೆಚ್ಚಿದ್ದು, ನಿದ್ದೆಯೂ ಸರಿಯಾಗಿಲ್ಲದಿದ್ದರೆ ಅವತ್ತು ಸೆಟ್‌ಗಳನ್ನು ಅರ್ಧ ಮಾಡಿ. ಇದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ.

4. ಮೊದಲ ಐದು ವಾರ: ಬಲ ಕಟ್ಟುವುದು

ಇಲ್ಲಿ ಎರಡು ಪದ ಗೊತ್ತಿರಬೇಕು. ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್. ನಡುವೆ ನಿಲ್ಲಿಸದೆ ಮಾಡಿದ ರೆಪ್‌ಗಳ ಗುಂಪು ಒಂದು ಸೆಟ್. '4 ಸೆಟ್, 5 ರೆಪ್' ಅಂದರೆ ಐದು ಸಲ ಎತ್ತಿ, ಎರಡು-ಮೂರು ನಿಮಿಷ ಸುಧಾರಿಸಿಕೊಂಡು, ಹೀಗೆ ನಾಲ್ಕು ಬಾರಿ.

ಸೋಮವಾರ: ಡೆಡ್‌ಲಿಫ್ಟ್ 4 ಸೆಟ್ 5 ರೆಪ್. ಸೊಂಟಕ್ಕೆ ಪ್ಲೇಟ್ ಕಟ್ಟಿಕೊಂಡು ಚಿನ್-ಅಪ್ 4 ಸೆಟ್ 5 ರೆಪ್. ಹಿಂದಿನ ಕಾಲು ಬೆಂಚಿನ ಮೇಲಿಟ್ಟು ಒಂಟಿ ಕಾಲಿನ ಸ್ಕ್ವಾಟ್, ಕಾಲಿಗೆ 6 ರೆಪ್‌ನಂತೆ 3 ಸೆಟ್. ಕೊನೆಗೆ ಕೋಪನ್‌ಹೇಗನ್ ಪ್ಲ್ಯಾಂಕ್: ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು, ಸೊಂಟ ಎತ್ತಿ 20 ಸೆಕೆಂಡ್, ಎರಡೂ ಕಡೆ ಎರಡೆರಡು ಸಲ. ಗಾರ್ಡ್ ಅಂದರೆ ಅಂಗಾತ ಮಲಗಿ ಕಾಲಿನಿಂದ ಎದುರಾಳಿಯನ್ನು ತಡೆಯುವ ಭಂಗಿ. ಕ್ಲೋಸ್ಡ್ ಗಾರ್ಡ್‌ನಲ್ಲಿ ಎದುರಾಳಿಯ ಸೊಂಟವನ್ನು ಕಾಲಿನಿಂದ ಬಿಗಿದು ಹಿಡಿಯುವುದು ಒಳತೊಡೆಯ ಸ್ನಾಯು. ತೊಡೆಸಂದು ಹಿಡಿದುಕೊಳ್ಳುವುದೂ ಅದೇ ಜಾಗ.

ಗುರುವಾರ: ಬಾರನ್ನು ಎದೆಯ ಮೇಲೆ ಹೊತ್ತು ಮಾಡುವ ಫ್ರಂಟ್ ಸ್ಕ್ವಾಟ್ 4 ಸೆಟ್ 5 ರೆಪ್. ಬಗ್ಗಿ ಬಾರ್ ಎಳೆಯುವ ರೋ 4 ಸೆಟ್ 6 ರೆಪ್. ಒಂಟಿ ಕೈಯಲ್ಲಿ ಕೆಟಲ್‌ಬೆಲ್ ಮೇಲಕ್ಕೆ ಒತ್ತುವುದು 3 ಸೆಟ್ 6 ರೆಪ್. ನಾರ್ಡಿಕ್ ಕರ್ಲ್, ಅಂದರೆ ಮಂಡಿಯೂರಿ ಪಾದವನ್ನು ಯಾರಾದರೂ ಒತ್ತಿ ಹಿಡಿದಿರುವಾಗ ನಿಧಾನಕ್ಕೆ ಮುಂದೆ ಬಾಗುವುದು, 2 ಸೆಟ್ 4 ರೆಪ್. ಕೊನೆಗೆ ಮರಳಿನ ಚೀಲವನ್ನು ಅವುಚಿಕೊಂಡು 30 ಮೀಟರ್ ನಡಿಗೆ, ಮೂರು ಸಲ.

ಪ್ರತಿ ಸೆಟ್‌ನಲ್ಲೂ ಎರಡು ರೆಪ್ ಬಾಕಿ ಇಡಿ. ಇನ್ನೂ ಎರಡು ಸಲ ಎತ್ತಬಹುದಿತ್ತು ಅನ್ನಿಸುವಾಗಲೇ ಬಾರ್ ಕೆಳಗಿಡಿ. ತರಬೇತುದಾರರು ಇದನ್ನು ಆರ್‌ಐಆರ್ (ರೆಪ್ಸ್ ಇನ್ ರಿಸರ್ವ್, ಬಾಕಿ ಇಟ್ಟ ರೆಪ್) ಅನ್ನುತ್ತಾರೆ. ಆರಾಮಾಗಿ ಎತ್ತಲು ಆಗುತ್ತಿದ್ದರೆ ಮಾತ್ರ ಮುಂದಿನ ವಾರ ಕಾಲಿನ ವ್ಯಾಯಾಮಕ್ಕೆ 2.5 ಕೆಜಿ, ಕೈಯದಕ್ಕೆ 1 ಕೆಜಿ ಏರಿಸಿ. ಐದನೇ ವಾರ ಭಾರ ಅಷ್ಟೇ ಇರಲಿ, ಸೆಟ್ ಅರ್ಧ ಮಾಡಿ.

ಇಲ್ಲಿ ಆಗುವ ತಪ್ಪುಗಳು ಎರಡು. ಒಂದು, ಎದೆ ಮತ್ತು ತೋಳಿಗೇ ಅಂಟಿಕೊಳ್ಳುವುದು. ಜಿಯು ಜಿತ್ಸು ಆಡುವವರ ಭುಜ ಮೊದಲೇ ಮುಂದಕ್ಕೆ ಬಾಗಿರುತ್ತದೆ, ಬೆಂಚ್ ಪ್ರೆಸ್ ಜಾಸ್ತಿಯಾದರೆ ಇನ್ನೂ ಬಾಗುತ್ತದೆ. ಎರಡು, ಭಾರ ಹಿಡಿದು ಪಟ್ಟುಗಳ ನಕಲು ಮಾಡುವುದು. ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಆರ್ಮ್‌ಬಾರ್ (ಮೊಣಕೈ ಬಿಗಿಯುವ ಪಟ್ಟು) ತಿರುಗುವುದು ನೋಡಲು ಚೆನ್ನಾಗಿರುತ್ತದೆ, ಆದರೆ ಅದರಿಂದ ಬಲವೂ ಬರುವುದಿಲ್ಲ, ಪಟ್ಟೂ ಸುಧಾರಿಸುವುದಿಲ್ಲ. ಪಟ್ಟು ಕಲಿಯುವುದು ಮನುಷ್ಯರ ಮೇಲೆ.

ಗರಡಿ ಮನೆಯ ದಂಡ, ಬಸ್ಕಿ ಸಾಕಾಗಲ್ವಾ ಅಂತ ಕೆಲವರು ಕೇಳುತ್ತಾರೆ. ನನಗೆ ಗರಡಿಯ ಮೇಲೆ ತುಂಬಾ ಗೌರವ ಇದೆ, ಆದರೂ ಉತ್ತರ 'ಅರ್ಧ ಸಾಕು'. ಒಂದೇ ಸಲಕ್ಕೆ ನೂರಾರು ಬಸ್ಕಿ ಹೊಡೆಯುವುದು ದಮ್ಮಿನ ಕೆಲಸ. ಮೂವತ್ತಕ್ಕಿಂತ ಹೆಚ್ಚು ಸಲ ಸಲೀಸಾಗಿ ಮಾಡಬಲ್ಲ ವ್ಯಾಯಾಮದಿಂದ ಗರಿಷ್ಠ ಬಲ ಏರುವುದು ಕಷ್ಟ. 25 ದಂಡ, 25 ಬಸ್ಕಿಯನ್ನು ಮೈ ಬಿಸಿ ಮಾಡಿಕೊಳ್ಳಲು ಇಟ್ಟುಕೊಳ್ಳಿ. ಗದೆ ತಿರುಗಿಸುವುದು ಗೊತ್ತಿದ್ದರೆ ಬಿಡಬೇಡಿ, ಭುಜಕ್ಕೂ ಹಿಡಿತಕ್ಕೂ ಅದು ಚಿನ್ನದಂಥ ವ್ಯಾಯಾಮ.

5. ಹಿಡಿತ ಮತ್ತು ಕುತ್ತಿಗೆ: ಮೊದಲ ವಾರದಿಂದಲೇ

ಹಿಡಿತಕ್ಕೆ ವಾರದಲ್ಲಿ ಎರಡು ಸಲ, ಜಿಮ್ ದಿನದ ಕೊನೆಯಲ್ಲಿ, ಗಿ ನೇತಾಟ. ಒಟ್ಟು 60 ಸೆಕೆಂಡ್‌ನಿಂದ ಶುರು ಮಾಡಿ: 15 ಸೆಕೆಂಡ್‌ನಂತೆ ನಾಲ್ಕು ಸಲ, ನಡುವೆ ಒಂದು ನಿಮಿಷ ಬಿಡುವು. ವಾರ ಕಳೆದಂತೆ ಒಟ್ಟು 120 ಸೆಕೆಂಡ್‌ವರೆಗೆ ಒಯ್ಯಿರಿ. ಭುಜ ಕಿವಿಯ ಹತ್ತಿರ ಹೋಗದಂತೆ ಕೆಳಕ್ಕೆ ಒತ್ತಿ ಹಿಡಿದಿರಿ. ನೋ-ಗಿ ಆಡುವವರು ಗಿ ಬದಲು ದಪ್ಪ ಟವೆಲ್ ಹಾಕಿಕೊಳ್ಳಲಿ, ಜೊತೆಗೆ ಎರಡೂ ಅಂಗೈ ಕೊಂಡಿ ಹಾಕಿ ಮರಳಿನ ಚೀಲ ಅವುಚುವ ಕೆಲಸ ಹೆಚ್ಚಿಸಲಿ. ನೋ-ಗಿ ಅಂದರೆ ಉಡುಪು ಹಿಡಿಯಲು ಅವಕಾಶ ಇಲ್ಲದ ಆಟ.

ಮುಚ್ಚುವ ಬೆರಳಿಗೆ ಕೆಲಸ ಕೊಟ್ಟಷ್ಟೇ ತೆರೆಯುವುದಕ್ಕೂ ಕೊಡಿ. ಐದೂ ಬೆರಳಿನ ಸುತ್ತ ರಬ್ಬರ್ ಬ್ಯಾಂಡ್ ಹಾಕಿ 25 ಸಲ ಅಗಲಿಸಿ, ಎರಡು ಸೆಟ್. ಬಸ್ಸಿನಲ್ಲಿ ಕೂತಾಗಲೂ ಮಾಡಬಹುದು.

ಉತ್ಸಾಹದಲ್ಲಿ ದಿನಾ ನೇತಾಡಬೇಡಿ. ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿಗೆ ಟೆಂಡನ್ ಅನ್ನುತ್ತಾರೆ. ಅದು ಸ್ನಾಯುವಿನಷ್ಟು ಬೇಗ ಗಟ್ಟಿಯಾಗುವುದಿಲ್ಲ. ಮೊಣಕೈ ಒಳಭಾಗದಲ್ಲಿ ನೋವು ಶುರುವಾದರೆ ನೇತಾಟ ತಕ್ಷಣ ಅರ್ಧಕ್ಕೆ ಇಳಿಸಿ. ಬೆಳಗ್ಗೆ ಎದ್ದಾಗ ಬೆರಳ ಗೆಣ್ಣು ಊದಿ ಮಡಚಲು ಆಗದಿದ್ದರೆ, ಒಂದು ವಾರ ತೋಳಿನ ಬಟ್ಟೆ ಹಿಡಿಯುವ ಸ್ಪೈಡರ್ ಗಾರ್ಡ್ ಬಿಟ್ಟು ಬೇರೆ ಆಟ ಆಡಿ. ಟೇಪ್ ಸುತ್ತಿಕೊಂಡರೆ ನೋವು ಮರೆಯಾಗುತ್ತದೆ ಅಷ್ಟೇ, ಊತದ ಕಾರಣ ಹೋಗುವುದಿಲ್ಲ.

ಇನ್ನು ಕುತ್ತಿಗೆ. ಗಾರ್ಡ್‌ನಲ್ಲಿ ಮಲಗಿರುವವರನ್ನು ಎದುರಾಳಿ ಮಡಚಿ, ಅವರ ಮಂಡಿಯನ್ನು ಅವರದೇ ಮುಖಕ್ಕೆ ಒತ್ತುವ ಸ್ಟ್ಯಾಕ್ ಪಾಸ್ ನೋಡಿದ್ದೀರಲ್ಲ. ಇಬ್ಬರ ಭಾರ ಬೀಳುವುದು ಕುತ್ತಿಗೆಯ ಬುಡಕ್ಕೆ. ಹಾಗಿದ್ದರೂ ಹತ್ತರಲ್ಲಿ ಎಂಟು ಜನರ ನೋಟ್‌ಬುಕ್‌ನಲ್ಲಿ ಕುತ್ತಿಗೆ ಅನ್ನುವ ಪದವೇ ಇರುವುದಿಲ್ಲ ಅಂದರೆ ನನಗೆ ಬೇಜಾರಾಗುತ್ತದೆ. ಮೊದಲ ಮೂರು ವಾರ ಐಸೊಮೆಟ್ರಿಕ್ ಮಾಡಿ, ಅಂದರೆ ಅಲುಗಾಡದೆ ಬಲ ಹಾಕುವುದು. ಹಣೆಗೆ ಅಂಗೈ ಒತ್ತಿ, ತಲೆಯಿಂದ ತಳ್ಳಿ, 10 ಸೆಕೆಂಡ್. ಹೀಗೇ ಹಿಂದಕ್ಕೆ, ಎಡಕ್ಕೆ, ಬಲಕ್ಕೆ, ಮೂರು ಸುತ್ತು. ನಾಲ್ಕನೇ ವಾರದಿಂದ ಬೆಂಚಿನ ಮೇಲೆ ಅಂಗಾತ ಮಲಗಿ, ಹಣೆಯ ಮೇಲೆ ಟವೆಲ್, ಅದರ ಮೇಲೆ 2.5 ಕೆಜಿ ಪ್ಲೇಟ್ ಇಟ್ಟು ಕೈಯಲ್ಲಿ ಹಿಡಿದುಕೊಂಡು, ಗಲ್ಲ ಎದೆಯ ಕಡೆ ತನ್ನಿ. 12 ರೆಪ್, 2 ಸೆಟ್. ಬೋರಲು ಮಲಗಿ ಹಿಂದಲೆಗೂ ಅಷ್ಟೇ.

ಮೈ ಬಿಸಿಯಾಗದೆ ತಲೆಯ ಮೇಲೆ ಪೂರ್ತಿ ಭಾರ ಹಾಕಿ ಕುಸ್ತಿಯ ಬ್ರಿಜ್ ಮಾಡಬೇಡಿ. ತೋಳಿನಲ್ಲಿ ಜುಮ್ಮೆನ್ನುವುದು, ಬೆರಳು ಮರಗಟ್ಟುವುದು, ಒಂದು ಕೈ ಸೋತಂತಾಗುವುದು ಕಂಡರೆ ಅವತ್ತೇ ಎಲ್ಲ ನಿಲ್ಲಿಸಿ ವೈದ್ಯರನ್ನು ನೋಡಿ. ಇದರಲ್ಲಿ 'ನಾಳೆ ನೋಡೋಣ' ಬೇಡ.

6. ಮುಂದಿನ ಐದು ವಾರ: ವೇಗ ಮತ್ತು ದಮ್ಮು

ಭಾರದ ವ್ಯಾಯಾಮಗಳು ಅವೇ. ರೆಪ್ 3ಕ್ಕೆ ಇಳಿಸಿ, ಭಾರ ಸ್ವಲ್ಪ ಏರಿಸಿ, ಸೆಟ್ 3 ಸಾಕು. ಅದಕ್ಕೆ ಮುಂಚೆ, ಮೈ ತಾಜಾ ಇರುವಾಗ, ಪೆಟ್ಟಿಗೆಯ ಮೇಲೆ ಹಾರುವುದು 3 ಸೆಟ್ 4 ರೆಪ್, ಕೆಟಲ್‌ಬೆಲ್ ಸ್ವಿಂಗ್ (ಕಾಲ ಸಂದಿಯಿಂದ ಎದೆಯ ಮಟ್ಟಕ್ಕೆ ತೂಗುವುದು) 4 ಸೆಟ್ 8 ರೆಪ್. ಪ್ರತಿ ರೆಪ್ ಚುರುಕಾಗಿರಬೇಕು. ನಿಧಾನವಾಯಿತು ಅನ್ನಿಸಿದರೆ ಸೆಟ್ ಮುಗಿಯಿತು.

ದಮ್ಮಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹತ್ತು ನಿಮಿಷದ ಪಂದ್ಯದಲ್ಲಿ ಒಂದು ಸೆಣಸಾಟದಿಂದ ಇನ್ನೊಂದಕ್ಕೆ ಎಷ್ಟು ಬೇಗ ಉಸಿರು ಹಿಡಿತಕ್ಕೆ ಬರುತ್ತದೆ ಅನ್ನುವುದೇ ಮುಖ್ಯ. ಅದನ್ನು ಕಟ್ಟುವುದು ನಿಧಾನದ ಕೆಲಸ: ವಾರಕ್ಕೆ ಎರಡು ಸಲ, 30ರಿಂದ 40 ನಿಮಿಷ, ಪೂರ್ತಿ ವಾಕ್ಯ ಮಾತಾಡಬಹುದಾದ ವೇಗದಲ್ಲಿ ಸೈಕಲ್ ಅಥವಾ ಓಟ. ಇದನ್ನು ಮೊದಲ ವಾರದಿಂದಲೇ ಮಾಡಿ, ಹಗುರ ದಿನದಲ್ಲೂ ಮಾಡಬಹುದು.

ಉಸಿರುಗಟ್ಟಿಸುವ ಕೆಲಸ ಈ ಐದು ವಾರದಲ್ಲಿ ಮಾತ್ರ, ವಾರಕ್ಕೆ ಒಂದೇ ಸಲ, ಅದೂ ಮ್ಯಾಟ್ ಮೇಲೆ. ನೀವು 10 ನಿಮಿಷ ಒಳಗೇ ಇರುತ್ತೀರಿ, ಪ್ರತಿ 2 ನಿಮಿಷಕ್ಕೆ ಹೊಸ ಜೊತೆಗಾರ ಬರುತ್ತಾನೆ. ಇದಕ್ಕೆ ಶಾರ್ಕ್ ಟ್ಯಾಂಕ್ ಅಂತ ಹೆಸರು. ಎರಡು ಸುತ್ತು ಸಾಕು. ಇದರ ಮೇಲೆ ಜಿಮ್‌ನಲ್ಲೂ ಸರ್ಕ್ಯೂಟ್ (ಬಿಡುವಿಲ್ಲದೆ ಒಂದರ ಹಿಂದೆ ಒಂದು ವ್ಯಾಯಾಮ) ಮಾಡಿದರೆ ಒಂದೇ ಕೆಲಸಕ್ಕೆ ಎರಡು ಸಲ ಬೆಲೆ ಕೊಟ್ಟಂತಾಗುತ್ತದೆ.

7. ಕೊನೆಯ ಎರಡು ವಾರ: ಕಡಿಮೆ ಮಾಡಿ

ಇದಕ್ಕೆ ಟೇಪರ್ ಅನ್ನುತ್ತಾರೆ: ಸೆಟ್, ರೆಪ್ ಸುಮಾರು ಅರ್ಧಕ್ಕೆ ಇಳಿಸಿ, ಭಾರವನ್ನೂ ವೇಗವನ್ನೂ ಉಳಿಸಿಕೊಳ್ಳುವುದು. ಕೊನೆಯ ಭಾರದ ಡೆಡ್‌ಲಿಫ್ಟ್ ಪಂದ್ಯಕ್ಕೆ 10 ದಿನ ಮುಂಚೆ ಮುಗಿದಿರಲಿ. 4-5 ದಿನ ಇರುವಾಗ ಕೊನೆಯ ಜಿಮ್: ಎರಡೇ ವ್ಯಾಯಾಮ, 2 ಸೆಟ್ 2 ರೆಪ್, ಹಗುರ ಭಾರ, ಚುರುಕು ಚಲನೆ. ಇಪ್ಪತ್ತು ನಿಮಿಷದಲ್ಲಿ ಮನೆಗೆ.

ಈ ದಿನಗಳಲ್ಲಿ ಮೈಯಲ್ಲಿ ಕಸುವು ತುಂಬಿ, ಏನೋ ಬಿಟ್ಟುಹೋಗುತ್ತಿದೆ ಅನ್ನುವ ಭಯ ಬರುತ್ತದೆ. ನನ್ನ ಜೊತೆ ತರಬೇತಿ ಮಾಡುತ್ತಿದ್ದ ಒಬ್ಬ ಬ್ರೌನ್ ಬೆಲ್ಟ್ ಟೂರ್ನಿಗೆ ಒಂಬತ್ತು ದಿನ ಇರುವಾಗ 'ಒಂದೇ ಒಂದು ಸಲ' ಅಂತ ತನ್ನ ಗರಿಷ್ಠ ಭಾರ ಎತ್ತಲು ಹೋದ. ಸೊಂಟ ಹಿಡಿದುಕೊಂಡಿತು. ಟಿಕೆಟ್, ಪ್ರವೇಶ ಶುಲ್ಕ, ಮೂರು ತಿಂಗಳ ದುಡಿಮೆ, ಎಲ್ಲ ಹೋಯಿತು. ಆ ಕಸುವು ಪಂದ್ಯದ ದಿನಕ್ಕೆ ಅಂತಲೇ ಕೂಡಿಟ್ಟದ್ದು. ಮುಟ್ಟಬೇಡಿ.

8. ತೂಕ ಮತ್ತು ಊಟ

ಐಬಿಜೆಜೆಎಫ್ ಗಿ ಟೂರ್ನಿಯಲ್ಲಿ ತೂಕ ನೋಡುವುದು ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ, ಗಿ ಹಾಕಿಕೊಂಡೇ. ಪುರುಷರ ಲೈಟ್ ವಿಭಾಗ 76 ಕೆಜಿ ಅಂದರೆ ಬಟ್ಟೆ, ಬೆಲ್ಟ್ ಸೇರಿ 76. ಗಿ ಸುಮಾರು ಎರಡು ಕೆಜಿ ತೂಗುತ್ತದೆ, ಹಾಗಾಗಿ ನಿಮ್ಮ ಮೈ 74ರ ಒಳಗಿರಬೇಕು. ಬಾಕ್ಸಿಂಗ್‌ನವರ ಹಾಗೆ ಹಿಂದಿನ ದಿನ ನೀರು ಬಿಟ್ಟು, ರಾತ್ರಿಯೆಲ್ಲ ತುಂಬಿಸಿಕೊಳ್ಳಲು ಇಲ್ಲಿ ಸಮಯವೇ ಇಲ್ಲ. ಸೌನಾದಲ್ಲಿ ಬೆವರು ಸುರಿಸಿ ಬಂದವರು ಎರಡನೇ ಪಂದ್ಯದಲ್ಲೇ ಕುಸಿಯುವುದನ್ನು ನೋಡಿದ್ದೇನೆ. 12 ವಾರದಲ್ಲಿ ನಿಧಾನಕ್ಕೆ ಇಳಿಸಿ, ವಾರಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ಬೇಡ. ಅಷ್ಟರಲ್ಲಿ ಆಗದಿದ್ದರೆ ಮೇಲಿನ ವಿಭಾಗದಲ್ಲಿ ಆಡಿ.

ಪ್ರೋಟೀನ್ ನಿಮ್ಮ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.6ರಿಂದ 2.2 ಗ್ರಾಂ. 75 ಕೆಜಿ ಇರುವವರಿಗೆ 120ರಿಂದ 165 ಗ್ರಾಂ. ಮೊಟ್ಟೆ, ಮೀನು, ಕೋಳಿ, ಪನೀರ್, ಸೋಯಾ, ಮೊಸರು, ಕಾಳುಗಳಿಂದ ಇದು ಬರುತ್ತದೆ. ತಟ್ಟೆಯಲ್ಲಿ ಅನ್ನವೇ ತುಂಬಿ, ಸಾರಿನಲ್ಲಿ ನಾಲ್ಕು ಬೇಳೆ ತೇಲುತ್ತಿದ್ದರೆ ಬರುವುದಿಲ್ಲ. ಹಾಗಂತ ಅನ್ನ, ಮುದ್ದೆ ಬಿಡಬೇಡಿ, ಜೋರು ರೋಲ್‌ಗೆ ಇಂಧನ ಅದೇ. ಹೆಣ್ಣುಮಕ್ಕಳಿಗೆ ಒಂದು ಮಾತು: ತೂಕ ಇಳಿಸುವಾಗ ಮುಟ್ಟು ತಪ್ಪಿದರೆ ಅದನ್ನು ಮಾಮೂಲಿ ಅಂತ ಬಿಡಬೇಡಿ. ದೇಹಕ್ಕೆ ಊಟ ಸಾಲುತ್ತಿಲ್ಲ ಅನ್ನುವ ಸೂಚನೆ ಅದಿರಬಹುದು, ವೈದ್ಯರನ್ನು ಕೇಳಿ.

ಸ್ನಾಯುವಿನ ಬಲಕ್ಕೆ ತೆಗೆದುಕೊಳ್ಳುವ ಪುಡಿ ಕ್ರಿಯಾಟಿನ್ ದಿನಕ್ಕೆ 3ರಿಂದ 5 ಗ್ರಾಂ ಉಪಯೋಗಕ್ಕೆ ಬರುತ್ತದೆ. ಸ್ನಾಯುವಿನಲ್ಲಿ ನೀರು ನಿಲ್ಲುವುದರಿಂದ ಒಂದೆರಡು ಕೆಜಿ ಏರಬಹುದು, ತೂಕದ ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಿ. ಬೇರೆ ಡಬ್ಬಿಗಳ ವಿಷಯದಲ್ಲಿ ಎಚ್ಚರ ಇರಲಿ. ದೊಡ್ಡ ಟೂರ್ನಿಗಳಲ್ಲಿ ಡೋಪಿಂಗ್ ಪರೀಕ್ಷೆ ಇದೆ. 'ಗೊತ್ತಿರಲಿಲ್ಲ' ಅಂದರೆ ಶಿಕ್ಷೆ ತಪ್ಪುವುದಿಲ್ಲ. ಜಿಮ್‌ನ ಗೆಳೆಯ ಕೊಟ್ಟ ಲೇಬಲ್ ಇಲ್ಲದ ಪುಡಿ ಯಾವತ್ತೂ ಬೇಡ.

9. ಪಂದ್ಯದ ದಿನ

ಮೊದಲ ಪಂದ್ಯದಲ್ಲೇ ಮುಂಗೈ ಕಲ್ಲಾಗುವುದಕ್ಕೆ ಹೆಚ್ಚಿನ ಸಲ ಕಾರಣ ಮೈ ಬಿಸಿಯಾಗದಿರುವುದು. ನಿಮ್ಮ ಸರದಿಗೆ 25 ನಿಮಿಷ ಮುಂಚೆ ಶುರು ಮಾಡಿ: ಐದು ನಿಮಿಷ ಕುಣಿದಾಟ, ಹತ್ತು ಬಸ್ಕಿ, ಜೊತೆಗಾರನ ಜೊತೆ ಹಗುರ ಸೆಣಸಾಟ, ಬೆವರು ಬರುವವರೆಗೆ. ಆಮೇಲೆ ಅವನ ಕಾಲರ್ ಹಿಡಿದು ಗಟ್ಟಿಯಾಗಿ 10 ಸೆಕೆಂಡ್, ಮೂರು ಸಲ. ನಂತರ ಬೆಚ್ಚಗೆ ಜಾಕೆಟ್ ಹಾಕಿಕೊಂಡು ಕಾಯಿರಿ.

ಎರಡು ಪಂದ್ಯಗಳ ನಡುವೆ ಮಲಗಿಬಿಡಬೇಡಿ. ನಡೆಯಿರಿ, ಕೈ ಕೊಡವಿ, ನೀರು ಗುಟುಕು ಗುಟುಕಾಗಿ ಕುಡಿಯಿರಿ. ಬಾಳೆಹಣ್ಣು, ಖರ್ಜೂರ ಸಾಕು. ಮನೆಯಲ್ಲಿ ತಿಂದು ನೋಡದ ಯಾವುದನ್ನೂ ಅವತ್ತು ತಿನ್ನಬೇಡಿ.

10. ಮುಗಿದ ಮೇಲೆ

ಒಂದು ವಾರ ಬಾರ್ ಮುಟ್ಟಬೇಡಿ. ನಡಿಗೆ, ಈಜು, ನಿದ್ದೆ. ಎಂಟನೇ ದಿನ ಖಾಲಿ ಬಾರ್‌ನಿಂದ ಶುರು ಮಾಡಿ, ಎರಡು ವಾರದಲ್ಲಿ ಹಳೆಯ ಭಾರಕ್ಕೆ ಬನ್ನಿ. ಅದಕ್ಕೆ ಮುಂಚೆ ಪಂದ್ಯಗಳ ವಿಡಿಯೊ ಹಾಕಿಕೊಂಡು ಕೂತು, ಗೆದ್ದದ್ದು ಸೋತದ್ದು ಎರಡನ್ನೂ ನೋಡಿ. ಹಿಡಿತ ಎಷ್ಟನೇ ನಿಮಿಷಕ್ಕೆ ಬಿಟ್ಟಿತು, ಯಾವ ಕೈಯದು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಮುಂದಿನ 12 ವಾರದ ಮೊದಲ ಪುಟ ಅದು.